ವೇಗವೂ ಕಾಯಕಶುದ್ಧಿಯೂ

ಕಾಯಕವು ಶುದ್ಧವಾಗಿರಬೇಕೆಂಬುದು ಶಿವಶರಣರ ಮುಖ್ಯ ಉಪದೇಶಗಳಲ್ಲಿ ಒಂದು. ಅವರ ದೃಷ್ಟಿಯಲ್ಲಿ ಹುಟ್ಟಿನಿಂದ ಮೇಲಾದ ಕಾಯಕವಿಲ್ಲ, ಹುಟ್ಟಿನಿಂದ ಕೀಳಾದ ಕಾಯಕವೂ ಇಲ್ಲ. ಮಾಡುವ ರೀತಿಯಿಂದಲೇ ಅದು ಮೇಲಾಗುತ್ತದೆ ಅಥವಾ ಕೀಳಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಬಟ್ಟೆ ಮಡಿಮಾಡುವವರು, ದನ ಕಾಯುವವರು ಎಲ್ಲರೂ ರಾಜಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಸರಿಸಮನಾಗಿ ಕುಳಿತು ಅನುಭಾವಗೋಷ್ಠಿಯಲ್ಲಿ ಪಾಲ್ಗೊಂಡರು. ಅವರಿಗೆ ಆ ಅರ್ಹತೆಯನ್ನು ತಂದುಕೊಟ್ಟುದು ಕಾಯಕದ ಹೆಸರಲ್ಲ, ಕಾಯಕದ ಶುದ್ಧಿ. ಇದು ಸದ್ಭಕ್ತರೆಲ್ಲರಿಗೂ ತಿಳಿದ ಮಾತೇ ಆಗಿದೆ. ಆದರೆ ಶರಣರ ಕಾಲದಲ್ಲಿ ಇಲ್ಲದಿದ್ದ ಕಾಯಕವೊಂದು ಇಂದು ನಾಡಿನ ತುಂಬ ಹಬ್ಬಿಕೊಂಡಿದೆ. ಸರಕು ಸಾಗಿಸುವ ಮೋಟಾರು ವಾಹನವನ್ನು ನಡೆಸುವುದೇ ಆ ಕಾಯಕ. ಅದರ ಶುದ್ಧಿ ಯಾವುದರಲ್ಲಿದೆ, ಅಶುದ್ಧಿ ಯಾವುದರಲ್ಲಿದೆ ಎಂಬುದನ್ನು ವಿಚಾರ ಮಾಡಿದವರು ವಿರಳ.

ಒಂದು ಟನ್ನಿನಿಂದ ಒಂದೂವರೆ ಟನ್ನಿನವರೆಗೆ ಭಾರ ಹೊರುವ, ಮುಂದೆ ಸಣ್ಣದೊಂದು ಕ್ಯಾಬಿನ್ನೂ ಹಿಂದೆ ತೆರೆದ ಬಾಡಿಯೂ ಉಳ್ಳ ಪಿಕಪ್ ಗಾಡಿಯನ್ನು ಅರಿಯದವರಿಲ್ಲ. ರೈತನಿಗೂ ವರ್ತಕನಿಗೂ ಅದು ಬಲಗೈಯಂತಿದೆ. ಸಾಲ ಮಾಡಿ ಒಂದು ಗಾಡಿಯನ್ನು ಕೊಂಡು, ಬಾಡಿಗೆಗೆ ಓಡಿಸಿ, ಸಂಸಾರವನ್ನು ನಡೆಸಿ, ಮಕ್ಕಳನ್ನು ಓದಿಸುತ್ತಿರುವ ಗೃಹಸ್ಥರು ಊರೂರಿನಲ್ಲಿಯೂ ಉಂಟು. ಹೊಲದ ಬೆಳೆಯನ್ನು ಹಸಿದವರ ಮನೆಗೆ ಮುಟ್ಟಿಸುವ ಈ ಕೆಲಸವು ಸಮಾಜಕ್ಕೆ ಅತ್ಯವಶ್ಯಕವಾದುದು. ಆದುದರಿಂದ ಇದು ನಿಜವಾದ ಅರ್ಥದಲ್ಲಿ ಕಾಯಕವೆಂಬುದರಲ್ಲಿ ಸಂದೇಹವಿಲ್ಲ. ಕಾಯಕವಾದುದರಿಂದಲೇ ಅದಕ್ಕೂ ಶುದ್ಧಿಯ ನಿಯಮ ಅನ್ವಯಿಸುತ್ತದೆ.

ತುಮಕೂರಿನಿಂದ ಬೆಂಗಳೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಿಂದೆ ೪ನೆಯ ಸಂಖ್ಯೆಯಿಂದ ಕರೆಯಲ್ಪಡುತ್ತಿದ್ದ ಈ ಹೆದ್ದಾರಿಗೆ ಈಗ ೪೮ನೆಯ ಸಂಖ್ಯೆ. ಸಿದ್ಧಗಂಗಾ ಕ್ಷೇತ್ರದ ಬಳಿಯ ಕ್ಯಾತಸಂದ್ರವನ್ನು ಹಾಯ್ದು, ದಾಬಸ್‌ಪೇಟೆ ನೆಲಮಂಗಲಗಳನ್ನು ದಾಟಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಪೀಣ್ಯ, ಗೊರಗುಂಟೆಪಾಳ್ಯಗಳ ಮಾರ್ಗವಾಗಿ ಅದು ಯಶವಂತಪುರವನ್ನು ಸೇರುತ್ತದೆ. ಬೆಳಗಿನ ಜಾವದಿಂದಲೇ ತರಕಾರಿ, ಹೂವು, ಹಾಲು, ಎಳನೀರು ಹೇರಿದ ಪಿಕಪ್ ಗಾಡಿಗಳು ಸಾಲುಗಟ್ಟಿ ಆ ದಾರಿಯಲ್ಲಿ ಸಾಗುತ್ತವೆ. ನೆಲಮಂಗಲದಿಂದೀಚೆಗೆ ಅದು ಹೆಸರಿಗೆ ಹೆದ್ದಾರಿಯಾದರೂ ನಿಜದಲ್ಲಿ ನಗರದ ಬೀದಿ. ಪಾಳಿ ಮುಗಿಸಿ ಬರುವ ಕಾರ್ಖಾನೆಯ ಕಾರ್ಮಿಕರು, ಬಸ್ಸಿಗಾಗಿ ಕಾದು ನಿಂತ ಹೆಂಗಸರು, ಹೆಗಲಿಗೆ ಚೀಲ ತಗುಲಿಸಿಕೊಂಡ ವಿದ್ಯಾರ್ಥಿಗಳು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ದ್ವಿಚಕ್ರವಾಹನದವರು ಎಲ್ಲರೂ ಆ ರಸ್ತೆಯಲ್ಲಿಯೇ ಇದ್ದಾರೆ. ದೂರದ ಪಯಣಕ್ಕೆಂದು ಕಟ್ಟಿದ ದಾರಿಯ ಮೇಲೆ ಊರೇ ಬಂದು ನೆಲೆಸಿದೆ. ಹುಬ್ಬಳ್ಳಿ, ದಾವಣಗೆರೆ, ಬೆಳಗಾವಿಗಳ ಅಂಚಿನಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಹೆಚ್ಚು ಭಿನ್ನವಲ್ಲ.

ಇಂತಹ ದಾರಿಯಲ್ಲಿ ಇಬ್ಬರು ಚಾಲಕರು ಒಂದೇ ಬೆಳಗ್ಗೆ, ಒಂದೇ ಬಗೆಯ ಗಾಡಿಯಲ್ಲಿ, ಒಂದೇ ಬಗೆಯ ಲೋಡು ಹೇರಿಕೊಂಡು, ಒಂದೇ ಅತಿವೇಗದಲ್ಲಿ ಬಂದರೆಂದು ಭಾವಿಸಬೇಕು. ಒಬ್ಬನ ಗಾಡಿಗೆ ಯಾರೂ ಅಡ್ಡ ಬರಲಿಲ್ಲ. ಅವನು ಎಲ್ಲರಿಗಿಂತ ಮೊದಲು ಮಾರುಕಟ್ಟೆಯನ್ನು ಮುಟ್ಟಿ, ಮಂಡಿಯವರಿಂದ ಚುರುಕಿನವನೆಂದು ಹೊಗಳಿಸಿಕೊಂಡು, ಕಾಫಿ ಕುಡಿದು ಹಿಂದಿರುಗಿದನು. ಇನ್ನೊಬ್ಬನ ಗಾಡಿಗೆ ಬಸ್ಸಿನ ಮರೆಯಿಂದ ಒಂದು ಮಗು ಓಡಿಬಂದಿತು. ಅವನು ಆ ದಿನದಿಂದ ಅಪರಾಧಿಯಾದನು. ಇವರಿಬ್ಬರ ಮನಸ್ಸಿನಲ್ಲಿ ಏನು ವ್ಯತ್ಯಾಸವಿತ್ತು? ಇಬ್ಬರ ಕೈಕಾಲುಗಳು ಮಾಡಿದ ಕೆಲಸದಲ್ಲಿ ಏನು ವ್ಯತ್ಯಾಸವಿತ್ತು? ಯಾವ ವ್ಯತ್ಯಾಸವೂ ಇರಲಿಲ್ಲ. ಹಾಗಾದರೆ ಅಪಘಾತವಾಗದೆ ಹೋದ ಅತಿವೇಗವು ದೋಷವೋ, ಅಲ್ಲವೋ? ವಿಚಾರಿಸಬೇಕಾದ ಪ್ರಶ್ನೆ ಇದೇ.

ಲೌಕಿಕ ನ್ಯಾಯವು ಬಹುಮಟ್ಟಿಗೆ ಫಲವನ್ನು ನೋಡಿ ದಂಡಿಸುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೮೧ನೆಯ ಪ್ರಕರಣದ ಮೇರೆಗೆ, ಸಾರ್ವಜನಿಕ ದಾರಿಯಲ್ಲಿ ಜನರ ಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿ ವಾಹನ ನಡೆಸಿದವನಿಗೆ ಹೆಚ್ಚೆಂದರೆ ಆರು ತಿಂಗಳ ಸೆರೆವಾಸ. ಅದೇ ನಿರ್ಲಕ್ಷ್ಯದಿಂದ ಒಂದು ಪ್ರಾಣ ಹೋದರೆ ೧೦೬ನೆಯ ಪ್ರಕರಣದ ಮೇರೆಗೆ ಐದು ವರ್ಷಗಳವರೆಗಿನ ಸೆರೆವಾಸ. ರಾಜ್ಯವು ಹೀಗೆ ಭೇದ ಮಾಡುವುದಕ್ಕೆ ಕಾರಣವುಂಟು. ಕಣ್ಣಿಗೆ ಕಾಣುವ ಹಾನಿಯನ್ನು ಅಳೆಯಬಹುದು; ಮನಸ್ಸಿನ ಒಳಗನ್ನು ಅಳೆಯುವುದು ನ್ಯಾಯಾಲಯಕ್ಕೆ ಕಷ್ಟ. ಶರಣಧರ್ಮವಾದರೋ ಹೊರಗಣ ಫಲಕ್ಕಿಂತ ಒಳಗಣ ಭಾವಕ್ಕೆ ಹೆಚ್ಚು ಬೆಲೆ ಕೊಡತಕ್ಕದ್ದು. ಅಂತರಂಗವೂ ಬಹಿರಂಗವೂ ಒಂದಾಗಿರಬೇಕೆಂದು ಶರಣರು ಪುನಃ ಪುನಃ ಸಾರಿದರು. ಆ ದೃಷ್ಟಿಯಿಂದ ನೋಡಿದರೆ ಮೊದಲನೆಯ ಚಾಲಕನೂ ನಿರ್ದೋಷಿಯಲ್ಲ. ಅವನ ದೋಷವು ಬೆಳಕಿಗೆ ಬರಲಿಲ್ಲ, ಅಷ್ಟೆ. ಅಪಘಾತವು ದೋಷವನ್ನು ಹುಟ್ಟಿಸುವುದಿಲ್ಲ. ಅದು ಮೊದಲೇ ಇದ್ದ ದೋಷವನ್ನು ತೋರಿಸುತ್ತದೆ. ಕಣಜದಲ್ಲಿ ಕಿಡಿಯನ್ನು ಎಸೆದವನು, ಗಾಳಿ ಬೀಸದೆ ಕಿಡಿ ನಂದಿಹೋಯಿತೆಂದ ಮಾತ್ರಕ್ಕೆ ಸಜ್ಜನನಾಗಲಾರನು.

ಇದನ್ನು ಕೇವಲ ತತ್ತ್ವದ ಮಾತೆಂದು ತಳ್ಳಿಹಾಕುವವರು ಲೆಕ್ಕವನ್ನಾದರೂ ನೋಡಬೇಕು. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿರುವ ಗಾಡಿಯು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರ್ ದೂರ ಹೋಗುತ್ತದೆ; ೮೦ ಕಿಲೋಮೀಟರ್ ವೇಗದಲ್ಲಿರುವುದು ೨೨ ಮೀಟರ್ ಹೋಗುತ್ತದೆ. ಎದುರಿಗೆ ಏನೋ ಕಂಡಿತೆಂದು ಮನಸ್ಸಿಗೆ ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದು ಸೆಕೆಂಡಾದರೂ ಬೇಕು. ಆಮೇಲೆ ಗಾಡಿ ನಿಲ್ಲಬೇಕು. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಇದು ಪ್ರಕೃತಿಯ ನಿಯಮ. ಒಣರಸ್ತೆಯಲ್ಲಿ, ಒಳ್ಳೆಯ ಬ್ರೇಕುಳ್ಳ ಗಾಡಿಯು ಪ್ರತಿ ಸೆಕೆಂಡಿನಲ್ಲಿಯೂ ತನ್ನ ವೇಗವನ್ನು ಸೆಕೆಂಡಿಗೆ ಆರು ಮೀಟರಿನಷ್ಟು ಇಳಿಸುತ್ತದೆಂದು ಇಟ್ಟುಕೊಂಡರೆ, ೬೦ರ ವೇಗದ ಗಾಡಿ ಒಟ್ಟು ೪೦ ಮೀಟರಿನೊಳಗೆ ನಿಲ್ಲುತ್ತದೆ. ೮೦ರ ವೇಗದ ಗಾಡಿಗೆ ೬೩ ಮೀಟರ್ ಬೇಕು. ಮೊದಲನೆಯ ಗಾಡಿಯು ಸಂಪೂರ್ಣವಾಗಿ ನಿಂತಿರುವ ಆ ೪೦ನೆಯ ಮೀಟರಿನಲ್ಲಿ ಎರಡನೆಯ ಗಾಡಿಯ ವೇಗ ಎಷ್ಟಿರುತ್ತದೆ? ಗಂಟೆಗೆ ಇನ್ನೂ ೬೦ ಕಿಲೋಮೀಟರ್! ಒಬ್ಬನ ಮುಂದೆ ಮಗುವು ಬೆದರಿ ನಿಂತು ಮನೆಗೆ ಹೋಗುತ್ತದೆ. ಇನ್ನೊಬ್ಬನ ಮುಂದೆ ಅದೇ ಮಗು ಮನೆಗೆ ಹೋಗುವುದಿಲ್ಲ. ಕಾರಿಗೆ ಸಿಕ್ಕಿದ ಪಾದಚಾರಿಯು ಸಾಯುವ ಸಂಭವವು, ವೇಗವು ೫೦ರಿಂದ ೬೫ ಕಿಲೋಮೀಟರಿಗೆ ಏರಿದಾಗ ನಾಲ್ಕೂವರೆಯಷ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ.

ಪಿಕಪ್ ಗಾಡಿಯ ವಿಷಯದಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ತುಂಬಿದ ಗಾಡಿಯ ನಡೆ ಒಂದು ತೆರ, ಬರಿದಾದ ಗಾಡಿಯ ನಡೆ ಇನ್ನೊಂದು ತೆರ. ಕ್ರೇಟುಗಳನ್ನು ಎತ್ತರಕ್ಕೆ ಜೋಡಿಸಿದಾಗ ಭಾರವು ಮೇಲಕ್ಕೇರಿ, ತಿರುವಿನಲ್ಲಿಯೂ ಹಠಾತ್ತಾಗಿ ಪಕ್ಕಕ್ಕೆ ಎಳೆದಾಗಲೂ ಗಾಡಿ ಮಗುಚಿಕೊಳ್ಳುತ್ತದೆ. ಲೋಡು ಇಳಿಸಿ ಬರಿದಾಗಿ ಬರುವಾಗ ಹಿಂದಿನ ಚಕ್ರಗಳ ಮೇಲೆ ಭಾರವಿಲ್ಲದೆ, ಮಳೆಯ ರಸ್ತೆಯಲ್ಲಿ ಬ್ರೇಕು ಒತ್ತಿದೊಡನೆ ಹಿಂಭಾಗ ಜಾರುತ್ತದೆ. ಬೆಳಗ್ಗೆ ತುಂಬಿ ಹೋದಾಗ ಇದ್ದ ಅಂದಾಜು ಮಧ್ಯಾಹ್ನ ಬರಿದಾಗಿ ಬರುವಾಗ ಸಲ್ಲುವುದಿಲ್ಲ. ಮೇಲಾಗಿ ಲೋಡಿನ ಮೇಲೆ ಕೂಲಿಯಾಳುಗಳನ್ನು ಕೂರಿಸಿಕೊಂಡು ಓಡಿಸುವ ಅಭ್ಯಾಸವೂ ಕೆಲವು ಕಡೆ ಉಂಟು. ಹಿಡಿದುಕೊಳ್ಳಲು ಹಗ್ಗದ ಹೊರತು ಬೇರೇನೂ ಇಲ್ಲದ ಆ ಬಡವರ ಪ್ರಾಣವು ಚಾಲಕನ ಪಾದದ ಒಂದು ಅದುಮಿನಲ್ಲಿ ನಿಂತಿರುತ್ತದೆ.

ಇಷ್ಟೆಲ್ಲ ಅಪಾಯವನ್ನು ಮೈಮೇಲೆ ಎಳೆದುಕೊಂಡು ಗಳಿಸುವುದಾದರೂ ಏನು? ನೆಲಮಂಗಲದಿಂದ ಯಶವಂತಪುರದವರೆಗಿನ ದಾರಿ ಸುಮಾರು ಇಪ್ಪತ್ತು ಕಿಲೋಮೀಟರ್. ೬೦ರ ವೇಗದಲ್ಲಿ ಅದಕ್ಕೆ ಇಪ್ಪತ್ತು ನಿಮಿಷ ಬೇಕು; ೮೦ರಲ್ಲಿ ಹದಿನೈದು ನಿಮಿಷ. ಎಲ್ಲಿಯೂ ತಡೆಯಿಲ್ಲದೆ ಓಡಿದರೂ ಉಳಿಯುವುದು ಐದೇ ನಿಮಿಷ. ನಗರದ ದಾರಿಯಲ್ಲಿ ತಡೆಯಿಲ್ಲದೆ ಓಡುವುದು ಸಾಧ್ಯವಿಲ್ಲವಾದುದರಿಂದ ಆ ಐದು ನಿಮಿಷಗಳಲ್ಲಿ ಹೆಚ್ಚಿನ ಪಾಲನ್ನು ಮುಂದಿನ ಕೆಂಪು ದೀಪವು ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಉಳಿದ ಒಂದೆರಡು ನಿಮಿಷಗಳು ಯಾರ ಸ್ವತ್ತು? ಚಾಲಕನು ಅದನ್ನು ತನ್ನ ಜಾಣತನದ ಗಳಿಕೆಯೆಂದು ತಿಳಿಯುತ್ತಾನೆ. ನಿಜವಾಗಿ ನೋಡಿದರೆ ಅದು ರಸ್ತೆಯನ್ನು ದಾಟುತ್ತಿರುವ ಮುದುಕಿಯಿಂದ, ಸೈಕಲ್ಲಿನ ಹುಡುಗನಿಂದ, ಅವರನ್ನು ಕೇಳದೆಯೇ ತೆಗೆದುಕೊಂಡದ್ದು. ಅವರ ನಿರ್ಭಯವನ್ನು ಒತ್ತೆಯಿಟ್ಟು ಅವನು ಸಮಯವನ್ನು ಗಳಿಸಿದ್ದಾನೆ. ಒತ್ತೆ ಮುಳುಗಿದರೆ ಕಳೆದುಕೊಳ್ಳುವವರು ಅವರು. ಉಳಿದರೆ ಲಾಭ ಅವನಿಗೆ. ಇಂತಹ ವ್ಯವಹಾರವನ್ನು ಯಾವ ನ್ಯಾಯವಂತನಾದ ವರ್ತಕನೂ ಶುದ್ಧವೆಂದು ಹೇಳಲಾರನು.

ಇಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಚರಿತ್ರೆಯು ನೆನಪಿಗೆ ಬರುವುದು ಸಹಜ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣದಂಪತಿಗಳು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ತಂದುದು ಆಸೆಯ ಗುರುತೆಂದೂ, ಅದು ತಮ್ಮ ಮನೆಗೆ ಸಲ್ಲದೆಂದೂ ಹೇಳಿ, ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಪತಿಯನ್ನು ಕಳುಹಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಕಾಯಕದಲ್ಲಿ ತೊಡಗಿರುವಾಗ ಬೇರೆ ಯಾವುದರ ಹಂಗೂ ಬೇಡವೆಂಬಷ್ಟರ ಮಟ್ಟಿಗೆ ಕಾಯಕವನ್ನು ಎತ್ತಿಹಿಡಿದವರು ಮಾರಯ್ಯನವರೇ. ಅಂತಹ ಕಾಯಕನಿಷ್ಠರಿಗೂ ತಿದ್ದುಪಡಿ ಬೇಕಾಯಿತು. ಕಾಯಕಕ್ಕೆ ಶ್ರದ್ಧೆ ಎಷ್ಟು ಅವಶ್ಯಕವೋ ಮಿತಿಯೂ ಅಷ್ಟೇ ಅವಶ್ಯಕವೆಂಬುದು ಆ ಪ್ರಸಂಗದ ತಿರುಳು. ಹೆಚ್ಚಾಗಿ ತಂದ ಅಕ್ಕಿ ಬೇರೊಬ್ಬರ ಪಾಲಾಗಿತ್ತು. ಹೆಚ್ಚಾಗಿ ಗಳಿಸಿದ ನಿಮಿಷವೂ ಬೇರೊಬ್ಬರ ಪಾಲೇ ಆಗಿದೆ. ಅಕ್ಕಿಯನ್ನಾದರೋ ಅಂಗಳಕ್ಕೆ ಮರಳಿಸಬಹುದು. ಹೋದ ಪ್ರಾಣವನ್ನು ಮರಳಿಸುವ ಬಗೆ ಯಾವುದು?

ಈ ಮಾತಿಗೆ ಆಕ್ಷೇಪಗಳು ಇಲ್ಲದಿಲ್ಲ. ಅವುಗಳನ್ನೂ ನ್ಯಾಯವಾಗಿ ವಿಚಾರಿಸಬೇಕು. ಮೊದಲನೆಯದಾಗಿ, ಸರಕು ಕೆಡುವ ಜಾತಿಯದು, ತಡವಾದರೆ ಬೆಲೆ ಬೀಳುತ್ತದೆ, ಗಾಡಿಯ ಕಂತು ಕಟ್ಟಬೇಕು, ಸಂಸಾರ ನಡೆಯಬೇಕು ಎನ್ನುತ್ತಾರೆ. ಇದು ಹುರುಳಿಲ್ಲದ ಮಾತಲ್ಲ. ಹೂವು ಬಾಡುತ್ತದೆ, ಸೊಪ್ಪು ಒಣಗುತ್ತದೆ. ಬಡವನ ಅವಸರವನ್ನು ಉಳ್ಳವನು ಹಾಸ್ಯ ಮಾಡಬಾರದು. ಆದರೆ ಮೇಲೆ ತೋರಿಸಿದಂತೆ ವೇಗದಿಂದ ಉಳಿಯುವುದು ನಾಲ್ಕೈದು ನಿಮಿಷ. ಆ ನಾಲ್ಕೈದು ನಿಮಿಷದಲ್ಲಿ ಬಾಡುವ ಹೂವಿಲ್ಲ. ತಡವು ಹುಟ್ಟುವುದು ರಸ್ತೆಯಲ್ಲಲ್ಲ. ಕೊಯ್ಲು ತಡವಾಗುವುದರಲ್ಲಿ, ಲೋಡು ಹೇರುವುದು ತಡವಾಗುವುದರಲ್ಲಿ, ಎರಡು ಟ್ರಿಪ್ಪು ಮಾಡಬಹುದಾದ ದಿನದಲ್ಲಿ ಮೂರು ಟ್ರಿಪ್ಪಿಗೆ ಒಪ್ಪಿಕೊಳ್ಳುವುದರಲ್ಲಿ ಅದು ಹುಟ್ಟುತ್ತದೆ. ಅಲ್ಲಿ ಕಳೆದುಕೊಂಡುದನ್ನು ರಸ್ತೆಯಲ್ಲಿ ಹುಡುಕುವುದು ವಿವೇಕವಲ್ಲ. ಹಾಗೆಂದು ನಿದ್ದೆಗೆಟ್ಟು ನಡುರಾತ್ರಿಯಲ್ಲಿ ಹೊರಡುವುದೂ ಪರಿಹಾರವಲ್ಲ. ನಿದ್ದೆಗಣ್ಣಿನ ಚಾಲಕನು ವೇಗದ ಚಾಲಕನಷ್ಟೇ ಅಪಾಯಕಾರಿ. ಮೂರನೆಯ ಟ್ರಿಪ್ಪನ್ನು ಬಿಡುವುದೇ ಅಲ್ಲಿರುವ ನೇರವಾದ ಧರ್ಮ.

ಎರಡನೆಯ ಆಕ್ಷೇಪವು ಅನುಭವವನ್ನು ಕುರಿತದ್ದು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಕೈಗೆ ಅಪಾಯ ಮೊದಲೇ ತಿಳಿಯುತ್ತದೆಂದು ಕೆಲವರು ಹೇಳುತ್ತಾರೆ. ಅನುಭವದಿಂದ ಕಣ್ಣು ಸೂಕ್ಷ್ಮವಾಗಬಹುದು. ಅದರಿಂದ ಬ್ರೇಕಿನ ದೂರ ಒಂದು ಗೇಣೂ ಕಡಿಮೆಯಾಗುವುದಿಲ್ಲ. ರಸ್ತೆಯ ಮೇಲಿನ ಇತರರಿಗೆ ಆ ಅನುಭವವಿಲ್ಲವೆಂಬುದನ್ನೂ ಮರೆಯಬಾರದು. ಹಳ್ಳಿಯಿಂದ ಮೊದಲ ಸಲ ನಗರಕ್ಕೆ ಬಂದ ಮುದುಕಿಯು ಬರುತ್ತಿರುವ ಗಾಡಿಯ ವೇಗವನ್ನು ಹೇಗೆ ಅಳೆಯಬಲ್ಲಳು? ಬಲ್ಲವನ ಹೊಣೆ ಅರಿಯದವನ ಹೊಣೆಗಿಂತ ದೊಡ್ಡದು.

ಮೂರನೆಯದಾಗಿ, ಎಲ್ಲರೂ ಹೀಗೆಯೇ ಓಡಿಸುವಾಗ ಒಬ್ಬನು ನಿಧಾನವಾಗಿ ಹೋದರೆ ಹಿಂದಿನವರು ಹಾರನ್ನು ಬಾರಿಸಿ ಹೀಯಾಳಿಸುತ್ತಾರೆ, ಕೆಲವೊಮ್ಮೆ ಅದೇ ಅಪಾಯಕ್ಕೆ ಕಾರಣವಾಗುತ್ತದೆ ಎನ್ನುತ್ತಾರೆ. ಬಲಬದಿಯ ಸಾಲಿನಲ್ಲಿ ನಿಧಾನವಾಗಿ ಹೋಗುವುದು ತಪ್ಪೆಂಬುದು ನಿಜ. ನಿಧಾನವಾಗಿ ಹೋಗುವವನು ಎಡಬದಿಯನ್ನು ಹಿಡಿದು, ಹಿಂದಿನವನಿಗೆ ದಾರಿ ಬಿಟ್ಟುಕೊಟ್ಟರೆ ಈ ಆಕ್ಷೇಪಕ್ಕೆ ಎಡೆಯಿಲ್ಲ. ಉಳಿದದ್ದು ಹೀಯಾಳಿಕೆ ಮಾತ್ರ. ಲೋಕದ ಹೀಯಾಳಿಕೆಗೆ ಅಂಜಿದ್ದರೆ ಶರಣರು ಕಲ್ಯಾಣದಲ್ಲಿ ಒಂದು ಹೆಜ್ಜೆಯನ್ನೂ ಮುಂದಿಡುತ್ತಿರಲಿಲ್ಲ. ಎಲ್ಲರೂ ಮಾಡುತ್ತಾರೆಂಬುದು ಎಂದಿಗೂ ಆಚಾರಕ್ಕೆ ಪ್ರಮಾಣವಲ್ಲ.

ನಾಲ್ಕನೆಯದು ಎಲ್ಲಕ್ಕಿಂತಲೂ ಹಳೆಯ ಸಮಾಧಾನ. ಸತ್ತವನ ಆಯುಸ್ಸು ಅಷ್ಟೇ ಇತ್ತು, ಗಾಡಿ ನಿಮಿತ್ತ ಮಾತ್ರ ಎಂದು ಹೇಳುವುದುಂಟು. ದುಃಖದಲ್ಲಿರುವ ಮನೆಯವರು ಈ ಮಾತಿನಿಂದ ತಮ್ಮನ್ನು ತಾವು ಸಂತೈಸಿಕೊಂಡರೆ ಅದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಗಾಡಿ ನಡೆಸಿದವನು ಈ ಮಾತಿನ ಮರೆಯಲ್ಲಿ ಅಡಗಿಕೊಳ್ಳುವುದು ಅಧರ್ಮ. ತನ್ನ ಕೈಯಲ್ಲಿದ್ದುದನ್ನು ಹಣೆಬರಹದ ತಲೆಗೆ ಕಟ್ಟುವುದನ್ನು ಶರಣರು ಒಪ್ಪಿದವರಲ್ಲ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಅಸುನೀಗಿದರೆಂದೂ, ಅವುಗಳಲ್ಲಿ ನೂರಕ್ಕೆ ಎಪ್ಪತ್ತೊಂದರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದೂ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇಷ್ಟು ಜನರ ಆಯುಸ್ಸು ವೇಗದ ಮುಳ್ಳಿನೊಡನೆಯೇ ಮುಗಿಯುವಂತೆ ಶಿವನು ಬರೆದಿಟ್ಟನೆಂದು ಹೇಳುವುದು ಶಿವನ ಕಾರುಣ್ಯಕ್ಕೇ ಅಪವಾದ.

ಇದುವರೆಗೆ ಚಾಲಕನ ದೋಷವನ್ನು ವಿಚಾರಿಸಿದ್ದಾಯಿತು. ಆದರೆ ಅವನೊಬ್ಬನನ್ನೇ ನಿಲ್ಲಿಸಿ ದೂರುವುದು ನ್ಯಾಯವಲ್ಲ. ಗಾಡಿಯ ಸ್ಟೀರಿಂಗ್ ಒಬ್ಬನ ಕೈಯಲ್ಲಿದ್ದರೂ ಅವನ ಪಾದವನ್ನು ಅದುಮುವವರು ಹಲವರು. ಮಂಡಿಯಲ್ಲಿ ಕುಳಿತು ಗಳಿಗೆಗೊಮ್ಮೆ ಫೋನು ಮಾಡಿ, ಎಲ್ಲಿದ್ದೀಯೆ, ಇನ್ನೂ ಎಷ್ಟು ಹೊತ್ತು ಎಂದು ಗದರಿಸುವ ವರ್ತಕನು ಒಬ್ಬ. ತಿಂಗಳ ಸಂಬಳದ ಬದಲು ಟ್ರಿಪ್ಪಿನ ಲೆಕ್ಕದಲ್ಲಿಯೇ ಕೂಲಿ ಕೊಟ್ಟು, ಹೆಚ್ಚು ಓಡಿಸಿದವನನ್ನೇ ಮೆಚ್ಚುವ ಮಾಲೀಕನು ಇನ್ನೊಬ್ಬ. ಮದುವೆಯ ಮನೆಗೆ ಪಾತ್ರೆ ಸಾಮಾನು ಹೊತ್ತು ತರುವ ಗಾಡಿ ಅರ್ಧ ಗಂಟೆ ತಡವಾಯಿತೆಂದು ಬಾಡಿಗೆಯಲ್ಲಿ ಹಣ ಹಿಡಿದುಕೊಳ್ಳುವ ಗೃಹಸ್ಥನು ಮತ್ತೊಬ್ಬ. ಇವರಾರೂ ರಸ್ತೆಯ ಮೇಲಿಲ್ಲ. ಆದರೂ ಗಾಡಿಯ ವೇಗದಲ್ಲಿ ಇವರೆಲ್ಲರ ಪಾಲೂ ಇದೆ. ಊರಿನಲ್ಲಿ ಗೌರವಸ್ಥರೆನಿಸಿ, ಮಠದ ಕಾರ್ಯಗಳಲ್ಲಿ ಮುಂದೆ ನಿಂತು, ದಾಸೋಹಕ್ಕೆ ಧಾರಾಳವಾಗಿ ಕೊಡುವವರು ಕೂಡ ಈ ಪಾಲಿನಿಂದ ಹೊರತಾದವರಲ್ಲ. ಅವಸರಪಡಿಸಿ ತರಿಸಿದ ಸರಕಿನಿಂದ ಬಂದ ಲಾಭದಲ್ಲಿ ದಾಸೋಹ ಮಾಡುವುದು, ಲಕ್ಕಮ್ಮನವರು ಹಿಂದಿರುಗಿಸಿದ ಅಕ್ಕಿಯನ್ನು ಬೇಯಿಸಿ ಬಡಿಸಿದಂತೆಯೇ ಸರಿ.

ರಾಜ್ಯದ ಕಾಯಿದೆಯು ಕೂಡ ಈ ಸತ್ಯವನ್ನು ಗುರುತಿಸಿದೆಯೆಂಬುದು ಅನೇಕರಿಗೆ ತಿಳಿಯದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೮೩ನೆಯ ಪ್ರಕರಣವು ವೇಗಮಿತಿಯನ್ನು ಮೀರಿದ ಚಾಲಕನನ್ನು ಮಾತ್ರವಲ್ಲದೆ, ತನ್ನ ಕೈಕೆಳಗಿನ ನೌಕರನಿಂದ ಹಾಗೆ ಓಡಿಸಿದವನನ್ನೂ ದಂಡನೆಗೆ ಗುರಿಮಾಡುತ್ತದೆ. ವೇಗಮಿತಿಯನ್ನು ಮೀರದೆ ಮುಗಿಸಲಾಗದಷ್ಟು ಕಡಿಮೆ ಅವಧಿಯಲ್ಲಿ ಪ್ರಯಾಣವನ್ನು ಮುಗಿಸಬೇಕೆಂದು ಅಪ್ಪಣೆ ಕೊಟ್ಟರೆ, ಆ ಅಪ್ಪಣೆಯೇ ಮೇಲ್ನೋಟಕ್ಕೆ ಅಪರಾಧದ ಸಾಕ್ಷ್ಯವಾಗುತ್ತದೆಂದೂ ಅದರಲ್ಲಿ ಹೇಳಿದೆ. ಸರಕು ವಾಹನಗಳಿಗೆ ನಗರಸಭೆಗಳ ಎಲ್ಲೆಯೊಳಗೆ ಗಂಟೆಗೆ ೬೦ ಕಿಲೋಮೀಟರ್, ವಿಭಜಕವುಳ್ಳ ಚತುಷ್ಪಥ ಹೆದ್ದಾರಿಯಲ್ಲಿ ೮೦ ಕಿಲೋಮೀಟರ್ ಗರಿಷ್ಠ ಮಿತಿಯೆಂದು ಕೇಂದ್ರ ಸರ್ಕಾರವು ೨೦೧೮ರ ಅಧಿಸೂಚನೆಯಲ್ಲಿ ಗೊತ್ತುಪಡಿಸಿತು. ಸ್ಥಳೀಯವಾಗಿ ಇದಕ್ಕಿಂತ ಕಡಿಮೆಯ ಮಿತಿಯನ್ನು ವಿಧಿಸಲೂ ಅವಕಾಶವುಂಟು. ಗರಿಷ್ಠ ಮಿತಿಯೆಂದರೆ ಮುಟ್ಟಲೇಬೇಕಾದ ಗುರಿಯಲ್ಲ, ಮೀರಬಾರದ ಗೆರೆ. ಜನಸಂದಣಿಯಲ್ಲಿ, ಮಳೆಯಲ್ಲಿ, ಕತ್ತಲಲ್ಲಿ ೬೦ ಕೂಡ ಅತಿವೇಗವೇ ಆಗಬಹುದು. ಕಾಯಿದೆಯು ಹೊರಗಿನ ಗೆರೆಯನ್ನು ಎಳೆಯುತ್ತದೆ. ಒಳಗಿನ ಗೆರೆಯನ್ನು ಭಕ್ತನೇ ಎಳೆದುಕೊಳ್ಳಬೇಕು.

ಆ ಒಳಗಿನ ಗೆರೆಯೇ ಪಂಚಾಚಾರ. ನ್ಯಾಯವಾದ ಮಾರ್ಗದಿಂದಲೇ ದುಡಿದು, ಬಂದುದರಿಂದ ದಾಸೋಹ ಮಾಡುವುದು ಸದಾಚಾರ. ಮಾರ್ಗ ನ್ಯಾಯವಾಗಿರಬೇಕೆಂಬ ಮಾತು ಮೋಟಾರು ಮಾರ್ಗಕ್ಕೂ ಸಲ್ಲುತ್ತದೆ. ಎಲ್ಲ ಶಿವಭಕ್ತರಲ್ಲಿಯೂ ಭೇದವೆಣಿಸದೆ ಶಿವನನ್ನೇ ಕಾಣುವುದು ಶಿವಾಚಾರ. ದೊಡ್ಡ ಗಾಡಿಯಲ್ಲಿ ಕುಳಿತವನು ಮೇಲು, ಕಾಲ್ನಡಿಗೆಯವನು ಕೀಳು ಎಂಬ ಭಾವವು ರಸ್ತೆಯಲ್ಲಿ ಹುಟ್ಟಿದ ಹೊಸ ಜಾತಿಭೇದವಲ್ಲದೆ ಮತ್ತೇನು? ಎಲ್ಲರಿಗಿಂತ ತಾನು ಕಿರಿಯನೆಂದು ತಿಳಿದು ನಡೆಯುವುದು ಭೃತ್ಯಾಚಾರ. ಮುಂದೆ ಹೋಗುವವನಿಗೆ ದಾರಿ ಬಿಟ್ಟುಕೊಡುವುದು, ದಾಟುವವನಿಗಾಗಿ ಗಾಡಿಯನ್ನು ನಿಲ್ಲಿಸುವುದು ಭೃತ್ಯಾಚಾರದ ಪ್ರತ್ಯಕ್ಷ ಸಾಧನೆ. ಮನುಷ್ಯದೇಹವನ್ನೇ ಶರಣರು ದೇವಾಲಯವೆಂದು ಬಗೆದರು. ಹಾಗಿರುವಾಗ ರಸ್ತೆಯಂಚಿನಲ್ಲಿ ಬಸ್ಸಿಗಾಗಿ ನಿಂತ ಜನರ ಸಾಲು ದೇವಾಲಯಗಳ ಸಾಲಾಯಿತು. ಗುಡಿಯ ಮುಂದೆ ಹಾಯುವಾಗ ಕೈಮುಗಿಯುವ ಚಾಲಕನು ಈ ದೇವಾಲಯಗಳ ಮುಂದೆ ಪಾದವನ್ನು ಸಡಿಲಿಸಬೇಡವೇ?

ಆಯುಧಪೂಜೆಯ ದಿನ ಗಾಡಿಗೆ ಹೂಮಾಲೆ ಹಾಕಿ, ವಿಭೂತಿ ಕುಂಕುಮಗಳನ್ನಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣನ್ನು ನಲುಗಿಸುವ ಪದ್ಧತಿ ಎಲ್ಲೆಡೆಯೂ ಉಂಟು. ಮುಂಭಾಗದ ಗಾಜಿನ ಮೇಲೆ ಇಷ್ಟದೈವದ ಹೆಸರನ್ನು ಬರೆಸುವುದೂ ಉಂಟು. ಭಕ್ತಿಯಿಂದ ಮಾಡಿದುದನ್ನು ತೆಗಳಬೇಕಾಗಿಲ್ಲ. ಆದರೆ ನಿಂಬೆಹಣ್ಣು ಬ್ರೇಕಿನ ಕೆಲಸವನ್ನು ಮಾಡಲಾರದು. ಗಾಜಿನ ಮೇಲಿನ ಹೆಸರು ಗಾಡಿಯ ವೇಗವನ್ನು ತಗ್ಗಿಸಲಾರದು. ಆಚಾರವಿಲ್ಲದ ಪೂಜೆಯ ಟೊಳ್ಳುತನವನ್ನು ಶರಣರಷ್ಟು ನಿಷ್ಠುರವಾಗಿ ತೋರಿಸಿಕೊಟ್ಟವರು ವಿರಳ. ದೇವರ ಹೆಸರನ್ನು ಮುಂದೆ ಹೊತ್ತ ಗಾಡಿಯು ದುಡುಕಿನಿಂದ ಒಬ್ಬನನ್ನು ಕೆಡವಿದರೆ ಅಪಕೀರ್ತಿ ಬರುವುದು ಚಾಲಕನೊಬ್ಬನಿಗೇ ಅಲ್ಲ.

ಹಿಂದಿನ ಕಾಲದಲ್ಲಿ ಸರಕನ್ನು ಎಳೆಯುತ್ತಿದ್ದುದು ಎತ್ತು. ಹೊಡೆಯುವವನು ತೂಕಡಿಸಿದರೂ ಎತ್ತಿಗೆ ಕಣ್ಣಿತ್ತು. ದಾರಿಯಲ್ಲಿ ಮಗುವು ಕುಳಿತಿದ್ದರೆ ಅದು ತಾನಾಗಿಯೇ ನಿಲ್ಲುತ್ತಿತ್ತು ಅಥವಾ ಬಳಸಿ ಹೋಗುತ್ತಿತ್ತು. ಗಾಡಿಗೆ ಅದರದೇ ಆದ ಒಂದು ದಯೆ ಇತ್ತೆಂದು ಹೇಳಬಹುದು. ಯಂತ್ರಕ್ಕೆ ಎತ್ತಿನ ಬಲದ ಹಲವು ಪಾಲು ಬಲವಿದೆ. ಎತ್ತಿನ ಕಣ್ಣಿಲ್ಲ, ಎತ್ತಿನ ದಯೆಯಿಲ್ಲ. ಆದುದರಿಂದ ಯಂತ್ರದ ಪಾಲಿನ ದಯೆಯನ್ನೂ ಚಾಲಕನೇ ತರಬೇಕಾಗಿದೆ. ದಯೆಯೇ ಧರ್ಮಕ್ಕೆ ಆಧಾರವೆಂದು ನಂಬಿದ ಪರಂಪರೆಯಲ್ಲಿ ಬಂದವನಿಗೆ ಇದು ಹೊರೆಯಾಗಬಾರದು.

ಈ ವಿಚಾರವು ಆಚರಣೆಗೆ ಬರಬೇಕಾದರೆ ಗೃಹಸ್ಥರು ಕೆಲವು ನೇಮಗಳನ್ನು ಹಿಡಿಯುವುದು ಒಳ್ಳೆಯದು. ಗಾಡಿಯ ಮಾಲೀಕನು ಚಾಲಕನಿಗೆ ನಿಶ್ಚಿತವಾದ ಸಂಬಳವನ್ನು ಕೊಟ್ಟು, ಟ್ರಿಪ್ಪಿನ ಆಸೆಯನ್ನು ತೋರಿಸದಿರಲಿ. ಬ್ರೇಕು, ಟಯರು, ದೀಪಗಳಿಗೆ ತಗಲುವ ವೆಚ್ಚವನ್ನು ಮುಂದಕ್ಕೆ ಹಾಕದಿರಲಿ. ವರ್ತಕನು ಗಾಡಿ ಹೊರಟ ಮೇಲೆ ಫೋನು ಮಾಡದಿರಲಿ. ಚಾಲಕನು ನಡೆಸುತ್ತಿರುವಾಗ ಉತ್ತರಿಸದಿದ್ದರೆ ಅದನ್ನು ಅವಿಧೇಯತೆಯೆಂದು ತಿಳಿಯದಿರಲಿ. ಬಾಡಿಗೆಗೆ ಕರೆದವನು ತಡವಾಗಿ ಬಂದವನನ್ನು ಮೊದಲು ನೀರು ಕೊಟ್ಟು ವಿಚಾರಿಸಲಿ. ಚಾಲಕನು ನೆಲಮಂಗಲದಂತಹ ಊರಬಾಗಿಲನ್ನು ಹೊಕ್ಕೊಡನೆಯೇ ಹೆದ್ದಾರಿಯ ವೇಗವನ್ನು ಅಲ್ಲಿಯೇ ಬಿಟ್ಟು, ಪಾದರಕ್ಷೆಯನ್ನು ಹೊರಗೆ ಬಿಟ್ಟು ಮಠವನ್ನು ಪ್ರವೇಶಿಸುವವನಂತೆ ನಗರವನ್ನು ಪ್ರವೇಶಿಸಲಿ. ಎಲ್ಲ ಎಚ್ಚರವನ್ನೂ ಮೀರಿ ಅಪಘಾತವೇನಾದರೂ ಸಂಭವಿಸಿದರೆ, ಗಾಯಗೊಂಡವನನ್ನು ಬಿಟ್ಟು ಓಡದೆ ಚಿಕಿತ್ಸೆಗೆ ಒಯ್ಯಲಿ. ಇದು ಕಾಯಿದೆಯ ೧೩೪ನೆಯ ಪ್ರಕರಣದ ಕಟ್ಟಳೆಯೂ ಹೌದು, ಮಾನವಧರ್ಮವೂ ಹೌದು. ಬೇರೊಬ್ಬರ ಅಪಘಾತವನ್ನು ಕಂಡವನೂ ಪೊಲೀಸು ಕೋರ್ಟುಗಳ ಅಂ​ಜಿಕೆಯಿಂದ ಹಿಂದೆ ಸರಿಯಬೇಕಾಗಿಲ್ಲ. ೨೦೧೯ರ ತಿದ್ದುಪಡಿಯಿಂದ ಸೇರಿದ ೧೩೪-ಎ ಪ್ರಕರಣವು ಸದ್ಭಾವದಿಂದ ನೆರವಾದವನಿಗೆ ರಕ್ಷಣೆಯನ್ನು ಕೊಟ್ಟಿದೆ.

ಅಂಬಿಗರ ಚೌಡಯ್ಯನವರು ಹೊಳೆಯ ಈ ದಡದವರನ್ನು ಆ ದಡಕ್ಕೆ ಮುಟ್ಟಿಸುವ ಕಾಯಕದವರಾಗಿದ್ದರು. ದೋಣಿಯ ಯೋಗ್ಯತೆಯನ್ನು ಯಾರೂ ಅದರ ವೇಗದಿಂದ ಅಳೆಯುವುದಿಲ್ಲ. ಹತ್ತಿದವರೆಲ್ಲರೂ ದಡ ಮುಟ್ಟಿದರೇ ಎಂದು ಕೇಳುತ್ತಾರೆ. ಪಿಕಪ್ ಗಾಡಿಯ ಚಾಲಕನೂ ಇಂದಿನ ಅಂಬಿಗನೇ. ಆದರೆ ಅವನ ಹೊಣೆ ಇನ್ನೂ ಹಿರಿದು. ಅವನ ಗಾಡಿಯನ್ನು ಹತ್ತದವರೂ, ಅವನ ಹೆಸರನ್ನೇ ಅರಿಯದವರೂ, ತಮಗರಿಯದಂತೆಯೇ ತಮ್ಮ ಪ್ರಾಣವನ್ನು ಅವನ ಕೈಗೆ ಒಪ್ಪಿಸಿ ರಸ್ತೆಯನ್ನು ದಾಟುತ್ತಿದ್ದಾರೆ. ಕೇಳದೆಯೇ ಒಪ್ಪಿಸಿದ ಆ ವಿಶ್ವಾಸವನ್ನು ಕೆಡಿಸದೆ ಉಳಿಸಿಕೊಳ್ಳುವುದೇ ಈ ಕಾಯಕದ ಶುದ್ಧಿ. ಅಂತಹ ಶುದ್ಧಿಯುಳ್ಳ ಕೈಯಿಂದ ಬಂದ ಕಾಳು, ಕಾಯಿ, ಹೂವುಗಳು ಲಿಂಗಕ್ಕೂ ಜಂಗಮಕ್ಕೂ ಸಲ್ಲುತ್ತವೆ. ನಡೆಸುವವರಿಗೂ, ನಡೆಸುವಂತೆ ಹೇಳುವವರಿಗೂ ಆ ಶುದ್ಧಿಯನ್ನು ಪರಶಿವನು ಕರುಣಿಸಲಿ.